ಇಂಗಿನ ಡಬ್ಬಿಯ ಗಿಲಕಿ

ಕಳೆದ ವಾರ ಶಿಕಾಗೊ ಹತ್ತಿರದ ನೇಪರ್‌ವಿಲ್‌ನಿಂದ ಒಂದು ದಪ್ಪ ಲಕೋಟೆ ಬಂತು. ಮೇಲೆ ಆಂಟಿಯ ಕೈಬರಹದಲ್ಲಿ ನನ್ನ ವಿಳಾಸ, ಒಳಗೆ ಒಂದು ಹಳೆಯ ಇಂಗಿನ ಡಬ್ಬಿ. ಪತ್ರ, ಚೀಟಿ ಏನೂ ಇಲ್ಲ. ಮುಚ್ಚಳ ತೆಗೆಯುವ ಮೊದಲೇ ಅಡುಗೆಮನೆಯ ತುಂಬ ವಾಸನೆ ಹರಡಿತು. ಹದಿನೈದು ವರ್ಷದ ಹಿಂದೆ ಖಾಲಿಯಾದ ಇಂಗು, ಅದರ ಹಟ ನೋಡಿ.

“ಆಂಟಿ ಯಾಕೆ ಇಂಗು ಕಳಿಸಿದಾರೆ?” ಎಂದಳು ನನ್ನ ಹೆಂಡತಿ, ಸಿಂಕಿನ ಮುಂದೆ ನಿಂತವಳು.

ನಾನು ಡಬ್ಬಿಯನ್ನು ಒಮ್ಮೆ ಅಲುಗಿಸಿದೆ. ಚಿರ್ರ್ ಎಂದಿತು. ಅವಳ ಕೈಯಲ್ಲಿದ್ದ ಸ್ಟೀಲ್ ಲೋಟ ಸಿಂಕಿಗೆ ಬಿತ್ತು. ಬಹಳ ಹಿಂದೆ, ಮನೆಗೊಂದು ಅಡುಗೆ ತಂದು ಸೇರುವ ಪಾಟ್‌ಲಕ್ ಊಟವೊಂದರಲ್ಲಿ, ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಿದ್ದ ಅವಳ ಬೆನ್ನ ಹಿಂದೆಯೂ ಇದೇ ಸದ್ದು ಆಗಿತ್ತು. ಮಾಡಿದ್ದವರು ಸರ್, ಆಂಟಿಯ ಗಂಡ, ಆಗ ನನ್ನ ಮ್ಯಾನೇಜರು.

ಸರ್ ಹೋಗಿ ಮೂರು ತಿಂಗಳಾಯಿತು. ಆಫೀಸಿನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು, ಮೊನ್ನೆ ಮೊನ್ನೆ ಕಾಲೇಜು ಮುಗಿಸಿ ಬಂದ ಹುಡುಗಿಯರೂ. ನಾನೊಬ್ಬನೇ ಸರ್ ಎನ್ನುತ್ತಿದ್ದೆ. ಬೇಡವೆಂದು ಅವರು ಎರಡು ಸಲ ಹೇಳಿದರು, ಮೂರನೆಯ ಸಲ ಹೇಳಲಿಲ್ಲ. ಆಮೇಲೆ ಅವರಿಗೂ ಅದು ಹಿಡಿಸಿತೆಂದು ಕಾಣುತ್ತದೆ. ನನ್ನನ್ನು ಏನಯ್ಯ, ಬಾರೋ ಎಂದು ಕರೆಯುವ ಅಧಿಕಾರವನ್ನು ಆ ಒಂದು ಸರ್‌ನ ಬದಲಿಗೆ ತೆಗೆದುಕೊಂಡರು.

ಮಿಷಿಗನ್ನಿನ ಟ್ರಾಯ್‌ನಲ್ಲಿ ನಮ್ಮದು ಕಾರಿನ ಬಿಡಿಭಾಗಗಳ ಕಂಪನಿ. ಸೀಟು ಬೆಚ್ಚಗಾಗಿಸುವ ಸ್ವಿಚ್ಚು ಯಾವಾಗ ತಾನಾಗಿ ಆರಬೇಕು ಎಂಬುದನ್ನು ನಿರ್ಧರಿಸುವ ಸಾಫ್ಟ್‌ವೇರು ನನ್ನ ಪಾಲಿನ ಕೆಲಸ. ಅನ್ಯರ ಸೀಟು ಸುಟ್ಟೀತೆಂಬ ಚಿಂತೆಯಲ್ಲೇ ಸಂಬಳ ತೆಗೆದುಕೊಂಡವನು ನಾನು. ಮನೆ ಬಿಟ್ಟು ಮೂರು ಮೈಲಿ ಹೋದ ಮೇಲೆ ಗರಾಜಿನ ಬಾಗಿಲು ಮುಚ್ಚಿದೆನೇ ಎಂದು ವಾಪಸು ಬಂದು ನೋಡುವ ಜಾತಿ. ಸರ್ ಇದಕ್ಕೆ ತದ್ವಿರುದ್ಧ. ಮೈಸೂರಿನವರು, ಆಗ ಐವತ್ತರ ಹತ್ತಿರ, ತೆಳ್ಳಗೆ, ಎತ್ತರಕ್ಕೆ. ವರ್ಷಕ್ಕೊಮ್ಮೆ ಅರಿಜೋನಾದ ಮರುಭೂಮಿಗೆ ನಡೆಯಲು ಹೋಗುತ್ತಿದ್ದರು. ಹಾವು ನೋಡುವುದು ಅವರ ಹುಚ್ಚು. ಚಿರ್ರ್ ಎನ್ನುವ ಆ ಗಿಲಕಿಯನ್ನು ಅಲ್ಲಿಯ ಹೆದ್ದಾರಿ ಅಂಗಡಿಯೊಂದರಲ್ಲಿ ಕೊಂಡಿದ್ದರಂತೆ. ರ‍್ಯಾಟಲ್‌ಸ್ನೇಕ್ ಎಂಬ ವಿಷದ ಹಾವಿನ ಬಾಲದ ತುದಿ, ಒಂದರೊಳಗೊಂದು ಸಿಕ್ಕಿಕೊಂಡ ಒಣ ಉಗುರಿನಂಥ ಉಂಗುರಗಳು. ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ನಾನು ಮೀಟಿಂಗಿನಲ್ಲಿ ಮಾತಾಡಲು ನಿಂತಾಗ ಮೇಜಿನ ಕೆಳಗೆ ಅದು ಚಿರ್ರ್ ಎನ್ನುತ್ತಿತ್ತು. ನಾನು ಹಾರುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದಿದ್ದರೆ ಹೇಗೆ?

ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಾನು ಬಂದ ಮೊದಲ ಚಳಿಗಾಲ, ಹಿಮ ಬಿದ್ದ ಬೆಳಿಗ್ಗೆ, ಖಾಲಿ ಪಾರ್ಕಿಂಗ್ ಲಾಟಿಗೆ ಕರೆದೊಯ್ದು, ಕಾರು ಜಾರಿದಾಗ ಬ್ರೇಕ್ ಒತ್ತದೆ ಇರುವುದನ್ನು ಎರಡು ಗಂಟೆ ಕಲಿಸಿದವರು ಅವರೇ. ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಿರುಚಾಟ ಕೇಳುತ್ತ, ಕಡಲೆಬೀಜ ತಿನ್ನುತ್ತ…

ಆಮೇಲೆ ಮಾಂದ್ಯ ಬಂತು. ಕಾರು ಕಂಪನಿಗಳೇ ಮಂಡಿಯೂರಿದಾಗ ಸೀಟಿನ ಸ್ವಿಚ್ಚಿನವರನ್ನು ಯಾರು ಕೇಳುತ್ತಾರೆ? ಎರಡು ಸಲ ಜನರನ್ನು ತೆಗೆದರು. ಬೆಳಿಗ್ಗೆ ಪಕ್ಕದಲ್ಲಿ ಕಾಫಿ ಕುಡಿದವನು ಮಧ್ಯಾಹ್ನ ರಟ್ಟಿನ ಡಬ್ಬ ಹೊತ್ತು ಪಾರ್ಕಿಂಗ್ ಲಾಟಿನಲ್ಲಿ ಕಾರು ಹುಡುಕುತ್ತಿರುತ್ತಿದ್ದ. ಮೂರನೆಯ ಸಲಕ್ಕೆ ಪ್ರತಿ ಮ್ಯಾನೇಜರೂ ತನ್ನ ಗುಂಪಿನಿಂದ ಎರಡು ಹೆಸರು ಕೊಡಬೇಕೆಂದು ಮೇಲಿನಿಂದ ಆಜ್ಞೆಯಾಗಿದೆ ಎಂಬ ಸುದ್ದಿ ಹಬ್ಬಿತು. ನನ್ನದು ಎಚ್ ಒನ್ ವೀಸಾ, ಗ್ರೀನ್ ಕಾರ್ಡಿನ ಅರ್ಜಿ ಅರ್ಧ ದಾರಿಯಲ್ಲಿ. ಕೆಲಸ ಹೋದರೆ ಮನೆ, ಕಾರು, ಪ್ರೀಸ್ಕೂಲಿಗೆ ಹೋಗುವ ಮಗಳು, ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿ ಹೊರಡಬೇಕು. ಆ ದಿನಗಳಲ್ಲಿ ನಾನು ನಿದ್ದೆಯಲ್ಲೂ ಸೂಟ್‌ಕೇಸಿನ ತೂಕ ನೋಡುತ್ತಿದ್ದೆ.

ಏಪ್ರಿಲ್‌ನಲ್ಲಿ ಸರ್ ನನ್ನ ಕ್ಯೂಬಿಕಲ್‌ಗೆ ಬಂದರು.

“ಅರಿಜೋನಾಗೆ ಬರ್ತೀಯೇನಯ್ಯ? ಮೂರು ಜನಕ್ಕೆ ಅಂತ ಮೋಟೆಲ್ ಮೊದಲೇ ಬುಕ್ ಮಾಡಿಬಿಟ್ಟಿದ್ದೆ, ಒಬ್ಬ ಕೈಕೊಟ್ಟ.”

“ಸರ್, ಅಲ್ಲಿ ಹಾವು…”

“ಹಾವು ಇರತ್ತೆ ಅಂತಾನೇ ಹೋಗೋದು. ವಾಪಸ್ ಬಂದ ಸೋಮವಾರ ನಾನು ಲಿಸ್ಟ್ ಕೊಡಬೇಕು. ಬಾ, ದಾರೀಲಿ ಮಾತಾಡೋಣ.”

ಅವರ ಕಣ್ಣು ನಗುತ್ತಿತ್ತು. ಇಲಿಯ ಬಾಲದ ಮೇಲೆ ಕಾಲಿಟ್ಟು ಬೇರೆ ಕಡೆ ನೋಡುವ ಬೆಕ್ಕಿನ ನಗು. ನಾನು ಬರುತ್ತೇನೆಂದೆ. ಬರುವುದಿಲ್ಲ ಎನ್ನುವಷ್ಟು ಸೊಕ್ಕು ಎಚ್ ಒನ್ ಮೇಲಿದ್ದವನಿಗೆ ಎಲ್ಲಿಂದ ಬರಬೇಕು?

ಮನೆಯಲ್ಲಿ ಹೆಂಡತಿ ತನ್ನ ಅಜ್ಜಿಯ ಉಪಾಯ ನೆನಪಿಸಿಕೊಂಡಳು. ಇಂಗಿನ ವಾಸನೆಗೆ ಹಾವು ಹತ್ತಿರ ಬರುವುದಿಲ್ಲ, ಊರಿನಲ್ಲಿ ಮನೆ ಸುತ್ತ ಇಂಗಿನ ನೀರು ಚಿಮುಕಿಸುತ್ತಿದ್ದರು ಎಂದಳು. ಹೊಸ ಡಬ್ಬಿ ಒಡೆದು, ಇಂಗನ್ನು ನೀರಿನಲ್ಲಿ ಕದಡಿ, ನನ್ನ ಮೂರು ಜೊತೆ ಸಾಕ್ಸನ್ನು ಅದ್ದಿ ಒಣಗಿಸಿಕೊಟ್ಟಳು. ಉಳಿದದ್ದನ್ನು ಡಬ್ಬಿಯ ಸಮೇತ ಕಟ್ಟಿದಳು. ನಾನು ಎಂಜಿನಿಯರು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ ಹಾಕಿಕೊಂಡೆ. ವಿಮಾನದಲ್ಲಿ ಪಕ್ಕದ ಹೆಂಗಸು ಏರ್ ಹೋಸ್ಟೆಸ್ಸನ್ನು ಕರೆದು ಬೇರೆ ಸೀಟು ಕೇಳಿದಳು.

ಅಲ್ಲಿ ನಮ್ಮನ್ನು ಕೂಡಿಕೊಂಡವರು ನೇಪರ್‌ವಿಲ್‌ನ ಡಾಕ್ಟರು. ಸರ್‌ಗೆ ಹಳೆಯ ಗೆಳೆಯರು, ಧಾರವಾಡದವರು, ಕಣ್ಣಿನ ಡಾಕ್ಟರು. ಮೋಟೆಲಿನಲ್ಲಿ ನಾನು ಬೂಟು ಬಿಚ್ಚಿದ್ದೇ ತಡ, ಸರ್ ಮೂಗು ಎತ್ತಿದರು.

“ಏನಯ್ಯ, ಸಾಕ್ಸಿಗೆ ಒಗ್ಗರಣೆ ಹಾಕ್ಕೊಂಡು ಬಂದಿದೀಯಾ?”

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಏ, ಬಿಡೋ ಅವನ್ನ, ಪಾಪ ಹೆದರ್ಯಾನ. ಅಲ್ಲೋ ತಮ್ಮಾ, ಕರಿಬೇವು ಮರತಿ ಏನ?”

ಮಾರನೆಯ ಬೆಳಿಗ್ಗೆ ನಡಿಗೆ ಶುರು. ಕೈಯೆತ್ತಿ ನಿಂತ ಆಳೆತ್ತರದ ಕಳ್ಳಿಗಳು, ಕೆಂಪು ಕಲ್ಲು, ಎಲ್ಲೂ ನೆರಳಿಲ್ಲ. ಸರ್ ಸಾಲು ಗೊತ್ತುಮಾಡಿದರು. ಮೊದಲು ಅವರು, ಆಮೇಲೆ ಡಾಕ್ಟರು, ಕೊನೆಗೆ ನಾನು.

“ಇದಕ್ಕೊಂದು ಲೆಕ್ಕ ಇದೆ. ಮೊದಲನೆಯವನು ಹಾವನ್ನ ಎಬ್ಬಿಸ್ತಾನೆ. ಎರಡನೆಯವನು ಅದಕ್ಕೆ ಸಿಟ್ಟು ಬರಿಸ್ತಾನೆ. ಕಚ್ಚಿಸಿಕೊಳ್ಳೋನು ಮೂರನೆಯವನು.”

ಹೀಗೆ ಹೇಳಿ ಅವರು ಸಿಳ್ಳೆ ಹಾಕುತ್ತ ಹೊರಟರು. ಅರ್ಧ ಗಂಟೆಗೊಮ್ಮೆ ಹಿಂತಿರುಗಿ ಗಿಲಕಿ ಅಲುಗಿಸುತ್ತಿದ್ದರು. ನಾನು ಅರ್ಧ ಗಂಟೆಗೊಮ್ಮೆ ಹಾರುತ್ತಿದ್ದೆ. ನಡುವೆ ಪಾಠವೂ ನಡೆಯುತ್ತಿತ್ತು. ಅದನ್ನು ಮಾತ್ರ ಅವರು ತಮಾಷೆಯಿಲ್ಲದೆ ಹೇಳುತ್ತಿದ್ದರು, ಮೇಷ್ಟ್ರ ಹಾಗೆ. ತಲೆ ತ್ರಿಕೋನವಾಗಿದೆಯೇ ಎಂದು ನೋಡಿ ಮೋಸ ಹೋಗಬೇಡ, ಸಾಧು ಹಾವೂ ಹೆದರಿದಾಗ ತಲೆ ಚಪ್ಪಟೆ ಮಾಡುತ್ತದೆ. ಸದ್ದನ್ನೂ ಪೂರ್ತಿ ನಂಬಬೇಡ, ಕೆಲವು ಸಲ ಅಸಲಿ ಹಾವು ಸದ್ದೇ ಮಾಡುವುದಿಲ್ಲ. ಬಾಲ ನೋಡು. ಬಾಲದಲ್ಲಿ ಕಪ್ಪು ಬಿಳಿ ಪಟ್ಟೆ ಒಂದೇ ಅಗಲ ಇದ್ದರೆ ಡೈಮಂಡ್‌ಬ್ಯಾಕ್ ಜಾತಿಯ ವಿಷದ ಹಾವು. ಬಿಳಿ ಅಗಲವಾಗಿ ಕಪ್ಪು ಸಣ್ಣದಾಗಿದ್ದರೆ ಮೊಹಾವಿ, ಅದರ ವಿಷ ಇನ್ನೂ ಕೆಟ್ಟದ್ದು. ಬಾಲ ಚೂಪಾಗಿ ಮುಗಿದಿದ್ದರೆ ಏನೂ ಅಲ್ಲ. ಪೂರ್ತಿ ನೋಡು, ಆಮೇಲೆ ಬಾಯಿ ಬಿಡು.

ಮಧ್ಯಾಹ್ನ ಒಣಗಿದ ಪೊದೆಯೊಂದರ ಬುಡದಲ್ಲಿ ದಪ್ಪ ಹಾವೊಂದು ತಲೆ ಅಗಲಿಸಿ, ಒಣ ಎಲೆಯಲ್ಲಿ ಬಾಲ ಬಡಿಯುತ್ತಿತ್ತು. ಥೇಟ್ ಅದೇ ಚಿರ್ರ್. “ಸರ್, ರ‍್ಯಾಟಲ್‌ಸ್ನೇಕ್” ಎಂದು ಅರಚಿ ಹಿಂದಕ್ಕೆ ಓಡಿದೆ, ಬಿದ್ದೆ, ಪುಳಿಯೋಗರೆಯ ಡಬ್ಬ ತೆರೆದುಕೊಂಡು ಮರಳಿಗೆ ಚೆಲ್ಲಿತು. ಸರ್ ಹತ್ತಿರ ಹೋಗಿ ಬಗ್ಗಿ ನೋಡಿದರು.

“ಗೋಫರ್ ಸ್ನೇಕ್. ನಮ್ಮ ಕೇರೆ ಹಾವಿನ ಥರದ್ದು, ಇಲಿ ತಿಂದ್ಕೊಂಡಿರತ್ತೆ. ಬಾಲದಲ್ಲಿ ಗಿಲಕಿ ಎಲ್ಲಿದೆ ತೋರಿಸು ನೋಡೋಣ.”

ನಾನು ತೋರಿಸಲಿಲ್ಲ.

“ಆಫೀಸಲ್ಲೂ ಹೀಗೇ ಇವನು,” ಎಂದರು ಡಾಕ್ಟರಿಗೆ. “ಇಲ್ಲದ ಬಗ್ ಕಂಡುಹಿಡಿದು ಇಡೀ ಟೀಮನ್ನ ಓಡಿಸ್ತಾನೆ. ಇಂಥೋನನ್ನ ಇಟ್ಕೋಬೇಕೋ ಬಿಡಬೇಕೋ, ನೀನೇ ಹೇಳು.”

“ಊಟ ಚೆಲ್ಯಾನ. ಕಳಸಿಬಿಡು,” ಎಂದರು ಡಾಕ್ಟರು.

ಇಬ್ಬರೂ ನಕ್ಕರು. ನಾನೂ ನಕ್ಕೆ… ಬಾಯಿ ಮಾತ್ರ. ಮಣ್ಣಾದ ಪುಳಿಯೋಗರೆಯನ್ನು ಕೊನೆಯ ಅಗುಳಿನ ತನಕ ಬಳಿದು ಚೀಲಕ್ಕೆ ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಸರ್ ಸ್ನಾನಕ್ಕೆ ಹೋದಾಗ, ಕುರ್ಚಿಯ ಮೇಲಿದ್ದ ಅವರ ಅಂಗಿಯ ಜೇಬಿನಿಂದ ಗಿಲಕಿ ತೆಗೆದೆ. ಇಂಗಿನ ಡಬ್ಬಿಯಲ್ಲಿ ತಳಕ್ಕಿಷ್ಟು ಉಳಿದಿದ್ದದ್ದನ್ನು ಕಸದ ಬುಟ್ಟಿಗೆ ಸುರಿದು, ಒಳಗೆ ಗಿಲಕಿ ಇಟ್ಟು, ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಮೂವತ್ತೇಳು ವರ್ಷದ, ಮಗುವಿನ ತಂದೆಯಾದ ಗಂಡಸು ಮಾಡುವ ಕೆಲಸವೇ ಎಂದು ನೀವು ಕೇಳಬಹುದು. ಅಷ್ಟೇ ನನ್ನ ಕೈಲಾಗುತ್ತಿದ್ದ ಬಂಡಾಯ.

ನಡೆಯುತ್ತ ಹತ್ತು ಗಂಟೆಯ ಸುಮಾರಿಗೆ, ಡಾಕ್ಟರನ್ನು ದಾಟಿ ಮೆಲ್ಲಗೆ ಸರ್ ಹಿಂದೆ ಹೋಗಿ ಡಬ್ಬಿ ಅಲುಗಿಸಿದೆ. ಅವರು ಹಾರಿದರು. ಹಾರಿ, ಎಡವಿ, ಮುಳ್ಳುಕಳ್ಳಿಯ ಮೇಲೆ ಕೂತರು. ಡಾಕ್ಟರು ದಾರಿಯಲ್ಲೇ ಕುಕ್ಕರಗಾಲಲ್ಲಿ ಕುಳಿತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಹದಿನೈದು ನಿಮಿಷ, ಕಣ್ಣಿನ ಡಾಕ್ಟರಿಗೆ ತಕ್ಕ ಏಕಾಗ್ರತೆಯಿಂದ, ಗೆಳೆಯನ ಪ್ಯಾಂಟಿನ ಹಿಂಭಾಗದಿಂದ ಒಂದೊಂದೇ ಮುಳ್ಳು ಕಿತ್ತರು.

ಸರ್ ನಗಲಿಲ್ಲ. ಮುಳ್ಳು ತೆಗೆದದ್ದಾದ ಮೇಲೆ ನನ್ನ ಕಡೆ ನೋಡಿ, “ಸರಿ. ಒಂದ್ಸಲ ಆಯ್ತು. ಇನ್ನೊಂದ್ಸಲ ಮಾಡಿದ್ರೆ ಹಾರಲ್ಲ ನಾನು,” ಎಂದರು. ನಾಲ್ಕು ಹೆಜ್ಜೆ ನಡೆದು, “ಸೋಮವಾರ ನೋಡ್ಕೋತೀನಿ ನಿನ್ನ,” ಎಂದೂ ಸೇರಿಸಿದರು.

ಅದು ತಮಾಷೆಯೇ ಇರಬಹುದು. ಹದಿನೈದು ವರ್ಷ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ದಿನಕ್ಕೊಂದು ಥರ ಕೇಳಿಸುತ್ತದೆ.

ಮುಂದೆ ದಾರಿಗೆ ಅಡ್ಡವಾಗಿ ಸೊಂಟದೆತ್ತರದ ಬಂಡೆ ಬಂತು. ಹತ್ತಿ ದಾಟಬೇಕು. ಡಾಕ್ಟರು ನನ್ನ ಪಕ್ಕದಲ್ಲಿ ತಲೆ ಬಗ್ಗಿಸಿಕೊಂಡು ನೀರಿನ ಬಾಟಲಿಯ ಮುಚ್ಚಳ ತಿರುವುತ್ತಿದ್ದರು. ಸರ್ ಬಲಗೈಯನ್ನು ಬಂಡೆಯ ಮೇಲೆ ಊರಿದರು. ಚಿರ್ರ್ ಎಂದಿತು.

“ಸಾಕು ಬಿಡೋ,” ಎಂದರು ಅವರು, ಹಿಂತಿರುಗದೆ.

ಡಬ್ಬಿ ನನ್ನ ಜೇಬಿನಲ್ಲಿತ್ತು. ನನ್ನ ಎರಡೂ ಕೈ ಬೆನ್ನಿನ ಚೀಲದ ಪಟ್ಟಿಯ ಮೇಲಿದ್ದವು. ಬಂಡೆಯ ಬಿರುಕಿನ ನೆರಳಿನಲ್ಲಿ, ಅವರ ಕೈಯಿಂದ ಒಂದು ಮೊಳ ದೂರದಲ್ಲಿ ಅದು ಸುರುಳಿ ಸುತ್ತಿಕೊಂಡಿತ್ತು. ಅಗಲ ತಲೆ. ತಲೆ ನೋಡಿ ಮೋಸ ಹೋಗಬೇಡ. ನಾನು ಬಾಲ ನೋಡಿದೆ. ಸುರುಳಿಯ ನಡುವೆ ನೆಟ್ಟಗೆ ನಿಂತಿತ್ತು, ಕಪ್ಪು ಪಟ್ಟೆ, ಬಿಳಿ ಪಟ್ಟೆ, ಎರಡೂ ಒಂದೇ ಅಗಲ. ತುದಿ ಎಷ್ಟು ವೇಗವಾಗಿ ಅಲುಗುತ್ತಿತ್ತೆಂದರೆ ಗಾಳಿಯಲ್ಲಿ ಹೊಗೆ ಇದ್ದ ಹಾಗಿತ್ತು. ಅಸಲಿಯೇ. ಡೈಮಂಡ್‌ಬ್ಯಾಕ್. ನನಗೆ ಖಾತ್ರಿಯಾಯಿತು. ಖಾತ್ರಿಯಾದ ಮೇಲೂ ಬಾಯಿ ಬಿಡಲಿಲ್ಲ… ಎಷ್ಟು ಹೊತ್ತು? ಒಂದು ಸೆಕೆಂಡು? ಎರಡು? ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ನಿನ್ನೆಯ ಪುಳಿಯೋಗರೆಯೇ, ಸೋಮವಾರವೇ? ಹೇಳಲು ನನಗೆ ಗೊತ್ತಿಲ್ಲ. ಗೊತ್ತಿಲ್ಲವೆನ್ನುವುದು ಎಷ್ಟು ಅನುಕೂಲದ ಮಾತು ಎಂಬುದು ಗೊತ್ತು.

ಕೊನೆಗೆ ಬಾಯಿ ಬಿಟ್ಟೆ. ಬಂದ ಮಾತು ಹಾವು ಅಲ್ಲ, ಕೈ ತೆಗೀರಿ ಅಲ್ಲ.

“ನಾನಲ್ಲ ಸರ್.”

ಅಷ್ಟರಲ್ಲಿ ಆಗಿಹೋಗಿತ್ತು. ಹೆಬ್ಬೆರಳು, ತೋರುಬೆರಳಿನ ನಡುವೆ. ಸರ್ ಕೂಗಲಿಲ್ಲ, ಕೈಯನ್ನು ಎದೆಗೆ ಒತ್ತಿಕೊಂಡು ಕುಳಿತರು. ಹಾವು ಆ ಕ್ಷಣವೇ ಬಿರುಕಿನೊಳಕ್ಕೆ ಸರಿದುಹೋಯಿತು, ಬಾಲದ ತುದಿಯೂ ಕಾಣದ ಹಾಗೆ.

“ಅಯ್ಯೋ, ನಾ ಕಣ್ಣಿನ ಡಾಕ್ಟರ್ ಅದೀನೋ,” ಎಂದರು ಡಾಕ್ಟರು, ಸರ್ ಬೆರಳಿನ ಉಂಗುರ ತಿರುಚಿ ತೆಗೆಯುತ್ತ. ಆದರೂ ಅವರಿಗೆ ಬೇಕಾದಷ್ಟು ಗೊತ್ತಿತ್ತು. ಕಟ್ಟಬೇಡ, ಕೊಯ್ಯಬೇಡ, ಓಡಬೇಡ. ಫೋನಿಗೆ ಸಿಗ್ನಲ್ ಸಿಕ್ಕ ಕಡೆಯಿಂದ ಕರೆ ಮಾಡಿದೆವು. ಒಂದು ಮೈಲಿ ಕೆಳಗೆ ರಸ್ತೆಯ ಹತ್ತಿರ ಆಂಬುಲೆನ್ಸ್ ಬರುತ್ತದೆಂದರು. ಸರ್ ನಡುವೆ, ನಾವು ಎರಡೂ ಕಡೆ, ನಿಧಾನವಾಗಿ ಇಳಿದೆವು. ಕೈ ನೋಡನೋಡುತ್ತ ಊದಿ, ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತಿತ್ತು.

“ಯಾವುದು?” ಎಂದರು ಸರ್.

“ಡೈಮಂಡ್‌ಬ್ಯಾಕ್ ಸರ್.”

“ಗ್ಯಾರಂಟಿನಾ? ಆಸ್ಪತ್ರೇಲಿ ಕೇಳ್ತಾರೆ.”

“ಗ್ಯಾರಂಟಿ. ಪಟ್ಟೆ ಎರಡೂ ಒಂದೇ ಅಗಲ ಇತ್ತು. ಮೊಹಾವಿ ಅಲ್ಲ.”

“ಕರೆಕ್ಟ್,” ಎಂದರು. ಮೊದಲ ಸಲ ನನ್ನನ್ನು ಅವರು ಮೆಚ್ಚಿದ ಹಾಗೆ ಕಂಡಿತು. ಹತ್ತು ಹೆಜ್ಜೆ ಇಳಿದೆವು. ಬೂಟಿನ ಕೆಳಗೆ ಜಲ್ಲಿಯ ಸದ್ದು.

“ಅಷ್ಟೆಲ್ಲ ನೋಡಿದ್ಯಾ ಹಾಗಾದ್ರೆ,” ಎಂದರು ಸರ್.

ಆಮೇಲೆ ಆಂಬುಲೆನ್ಸ್ ಬರುವವರೆಗೂ ಅವರು ಡಾಕ್ಟರ ಕಡೆಗೇ ವಾಲಿಕೊಂಡು ನಡೆದರು.

ಜೀವ ಉಳಿಯಿತು. ಆಸ್ಪತ್ರೆಗೆ ಓಡಿಬಂದ ಆಂಟಿ ನನ್ನ ಸಾಕ್ಸಿನ ವಿಷಯ ಕೇಳಿ, “ಇಂಗು ಹಚ್ಕೊಂಡಿದ್ದಕ್ಕೆ ನಿಮಗೆ ಏನೂ ಆಗಲಿಲ್ಲ ನೋಡಿ. ನಾನೂ ಇವರಿಗೆ ಕಟ್ಟಿಕೊಡಬೇಕಿತ್ತು,” ಎಂದು ಅತ್ತರು. ಟ್ರಾಯ್‌ಗೆ ಮರಳಿದ ಮೇಲೆ ದೇವಸ್ಥಾನದಲ್ಲಿ ಹೆಂಗಸರು ನನ್ನ ಹೆಂಡತಿಯನ್ನು ಸುತ್ತುವರಿದು, ಎಷ್ಟು ನೀರಿಗೆ ಎಷ್ಟು ಇಂಗು ಎಂದು ಬರೆದುಕೊಂಡರು. ಮಿಷಿಗನ್ನಿನ ಹಿಮದಲ್ಲಿ ಅವರಿಗೆ ಯಾವ ಹಾವಿನ ಭಯವೋ.

ಸರ್‌ಗೆ ಆ ಎರಡು ಬೆರಳು ಮತ್ತೆ ಮಡಚಲು ಬರಲಿಲ್ಲ. ಸಾರನ್ನ ಕಲಸಿ ತಿನ್ನುವ ಕೈ ಅದು. ಚಮಚ ಹಿಡಿದರು, ಅದೂ ಎಡಗೈಯಲ್ಲಿ. ಪಾಟ್‌ಲಕ್‌ಗಳಿಗೆ ಬರುವುದನ್ನು ಬಿಟ್ಟರು.

ಸೋಮವಾರದ ಲಿಸ್ಟು ಅವರಿಂದ ಹೋಗಲೇ ಇಲ್ಲ. ಮೇಲಿನವರು ಕಾದು ನೋಡಿ, ಎರಡು ಗುಂಪು ಸೇರಿಸಿ ಒಂದು ಮಾಡಿದರು. ಒಂದು ಗುಂಪಿಗೆ ಇಬ್ಬರು ಮ್ಯಾನೇಜರು ಯಾಕೆ? ಸರ್ ಇನ್ನೂ ರಜೆಯಲ್ಲಿದ್ದಾಗಲೇ ಅವರಿಗೆ ಫೋನು ಬಂತು. ನನ್ನ ಕೆಲಸ ಉಳಿಯಿತು. ಮುಂದೆ ಗ್ರೀನ್ ಕಾರ್ಡೂ ಬಂತು.

ಅವರ ಕ್ಯೂಬಿಕಲ್ ಖಾಲಿ ಮಾಡಿ ರಟ್ಟಿನ ಡಬ್ಬ ಮನೆಗೆ ತಲುಪಿಸಲು ನನ್ನನ್ನೇ ಕಳಿಸಿದರು. ಕಾಫಿ ಮಗ್ಗು, ಕುಟುಂಬದ ಫೋಟೋ, ಕಳ್ಳಿಗಿಡದ ಕುಂಡ. ಎಲ್ಲಕ್ಕಿಂತ ಕೆಳಗೆ, ಯಾರೂ ನೋಡದ ಹಾಗೆ, ನಾನು ಇಂಗಿನ ಡಬ್ಬಿ ಇಟ್ಟೆ. ಇಡುವ ಮೊದಲು, ಒಪ್ಪಿಕೊಳ್ಳುತ್ತೇನೆ, ಕಾಗದಗಳಲ್ಲಿ ಲಿಸ್ಟು ಹುಡುಕಿದೆ. ಇರಲಿಲ್ಲ.

ಸರ್ ಬಾಗಿಲು ತೆಗೆದರು. ಡಬ್ಬವನ್ನು ನೆಲದ ಮೇಲಿಡಿಸಿ, ನನ್ನ ಎದುರಿಗೇ ಎಡಗೈಯಿಂದ ಒಂದೊಂದೇ ತೆಗೆದರು. ಕೊನೆಯಲ್ಲಿ ಇಂಗಿನ ಡಬ್ಬಿ ಸಿಕ್ಕಿತು. ಅಲುಗಿಸಿದರು. ನಾನು ಹಾರಿದೆ.

“ಇನ್ನೂ ಹಾರ್ತೀಯ,” ಎಂದರು.

“ಸರ್… ಅವತ್ತು ನಾನು…”

“ಲಿಸ್ಟಲ್ಲಿ ನಿನ್ನ ಹೆಸರಿತ್ತಾ ಅಂತ ತಾನೇ ಕೇಳಬೇಕಾಗಿರೋದು?”

ನಾನು ಕ್ಷಮೆ ಕೇಳಲು ಬಾಯಿ ತೆರೆದಿದ್ದೆ. ಹಾಗೆಂದು ನಂಬಿದ್ದೇನೆ. ಆದರೆ ಅವರು ಅದನ್ನು ಹೇಳಿದ ಕೂಡಲೇ, ನನಗೆ ಬೇಕಿದ್ದದ್ದು ಅದೇ ಎಂದು ಇಬ್ಬರಿಗೂ ತಿಳಿಯಿತು. ಹೌದೆಂದು ತಲೆಯಾಡಿಸಿದೆ.

ಸರ್ ಇಂಗಿನ ಡಬ್ಬಿಯನ್ನು ಜೇಬಿಗಿಳಿಸಿದರು. ಕಣ್ಣಲ್ಲಿ ಹಳೆಯ ನಗು ಮೆಲ್ಲಗೆ ಮರಳಿ ಬಂತು.

“ಹೇಳಲ್ಲ,” ಎಂದರು. “ಯೋಚನೆ ಮಾಡ್ತಾ ಇರು. ನಿನಗೆ ಅದೊಂದು ಚೆನ್ನಾಗಿ ಬರತ್ತೆ.”

ಆ ಬೇಸಿಗೆಯಲ್ಲೇ ಅವರು ಮನೆ ಮಾರಿ ಡಾಕ್ಟರ ಆಸರೆಯಲ್ಲಿ ನೇಪರ್‌ವಿಲ್‌ಗೆ ಹೋದರು. ಅಲ್ಲೇ ಹತ್ತಿರದ ಓಕ್ ಬ್ರೂಕ್‌ನಲ್ಲಿ ಏನೋ ಸಣ್ಣ ಕೆಲಸ ಸಿಕ್ಕಿತೆಂದು ಕೇಳಿದೆ. ನಾನು ಯುಗಾದಿಗೆ ಮೆಸೇಜು ಕಳಿಸುತ್ತಿದ್ದೆ, ಅವರು ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದರು. ಅವರ ಹೆಬ್ಬೆರಳಿನ ಸ್ಥಿತಿ ಬಲ್ಲ ನನಗೆ ಅದು ಶುಭಾಶಯದ ಹಾಗೆ ಕಾಣಿಸಿದ್ದೇ ಇಲ್ಲ. ಶಿಕಾಗೊ ಇಲ್ಲಿಂದ ಐದು ಗಂಟೆಯ ದಾರಿ. ಹೋಗಬಹುದಿತ್ತು… ಒಮ್ಮೆ ಹೊರಟು, ಅರ್ಧ ದಾರಿಯಲ್ಲಿ ಎಕ್ಸಿಟ್ ತೆಗೆದುಕೊಂಡು ವಾಪಸು ಬಂದೆ. ಹೆಂಡತಿಗೆ ಗರಾಜಿನ ಬಾಗಿಲಿನ ನೆಪ ಹೇಳಿದೆ. ಅವಳು ನಂಬಿದಳು.

ಲಕೋಟೆ ಬಂದ ಸಂಜೆ ಆಂಟಿಗೆ ಫೋನು ಮಾಡಿದೆ.

“ಸಿಕ್ಕಿತಾ? ಅವರ ಡ್ರಾಯರ್‌ನಲ್ಲಿತ್ತು. ಅಡೀಲಿ ನಿಮ್ಮ ಹೆಸರು ಬರೆದಿಟ್ಟಿದ್ರು, ಅದಕ್ಕೇ ಕಳಿಸಿದೆ,” ಎಂದರು. “ನಿಮ್ಮನ್ನ ಯಾವಾಗ್ಲೂ ನೆನೆಸ್ಕೊಳ್ಳೋರು. ಹಾವು ಗುರುತು ಹಿಡಿಯೋದು ಎಷ್ಟೋ ಜನಕ್ಕೆ ಹೇಳಿಕೊಟ್ಟೆ, ಪೂರ್ತಿ ಕಲಿತೋನು ಅವನೊಬ್ಬನೇ ಅನ್ನೋರು. ಪೂರ್ತಿ ನೋಡದೆ ಬಾಯಿ ಬಿಡೋನಲ್ಲ ಅಂತ.”

ಆಂಟಿ ಅದನ್ನು ಹೊಗಳಿಕೆಯೆಂದೇ ಹೇಳಿದರು. ನಾನು ಕೇಳಿದೆ. “ಆಂಟಿ, ಸರ್ ಯಾವತ್ತಾದರೂ ಒಂದು ಲಿಸ್ಟ್ ವಿಷಯ ಏನಾದರೂ…”

“ಯಾವ ಲಿಸ್ಟು? ದಿನಸೀದಾ?”

ಏನಿಲ್ಲ ಬಿಡಿ ಎಂದೆ. ಆರೋಗ್ಯ ನೋಡಿಕೊಳ್ಳಿ ಎಂದೆ.

ಫೋನಿಟ್ಟ ಮೇಲೆ ಮುಚ್ಚಳ ತೆಗೆದೆ. ಗಿಲಕಿಯ ಅಡಿಯಲ್ಲಿ ಹತ್ತಿ ಇತ್ತು. ಹತ್ತಿಯನ್ನು ಹೊರತೆಗೆದು, ಒಂದೊಂದೇ ಎಳೆ ಬಿಡಿಸಿ ನೋಡಿದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹತ್ತಿಯಲ್ಲಿ ಏನೂ ಇರಲಿಲ್ಲ. ಡಬ್ಬಿ ತಿರುಗಿಸಿದೆ. ಅಡಿಯಲ್ಲಿ ನೀಲಿ ಮಾರ್ಕರಿನಲ್ಲಿ, ಎಡಗೈಯ ಸೊಟ್ಟ ಅಕ್ಷರಗಳಲ್ಲಿ ನನ್ನ ಹೆಸರು. ಅವರು ಅದನ್ನು ಎಲ್ಲಿಯಾದರೂ ಬರೆದಿದ್ದರೇ ಎಂದು ಹದಿನೈದು ವರ್ಷ ತಿಳಿಯಬಯಸಿದವನಿಗೆ ಸಿಕ್ಕಿದ್ದು ಅಷ್ಟು.

ಡಬ್ಬಿಯನ್ನು ಈಗ ಗರಾಜಿನ ಶೆಲ್ಫಿನ ಮೇಲಿಟ್ಟಿದ್ದೇನೆ. ಮನೆಯೊಳಗೆ ಬೇಡವೆಂದಳು ಹೆಂಡತಿ. ಬಾಗಿಲು ಏಳುವಾಗ, ಇಳಿಯುವಾಗ ಶೆಲ್ಫು ಅದುರಿ ಅದು ಚಿರ್ರ್ ಎನ್ನುತ್ತದೆ. ಬಾಗಿಲು ಮುಚ್ಚಿತೆಂದು ಈಗ ನನಗೆ ಕಾರಿನಿಂದಲೇ ತಿಳಿಯುತ್ತದೆ, ಮೂರು ಮೈಲಿಯಿಂದ ವಾಪಸು ಬರಬೇಕಿಲ್ಲ. ಆ ಮಟ್ಟಿಗೆ ಉಪಕಾರವೇ. ಆದರೆ ಸದ್ದು ಕೇಳಿದ ಪ್ರತಿ ಸಲವೂ ಸ್ಟೀರಿಂಗಿನ ಮುಂದೆ ಕೂತ ನನ್ನ ಬಾಯಿಂದ ಅದೇ ಎರಡು ಮಾತು ತಾವಾಗಿ ಬರುತ್ತವೆ, ನಾನಲ್ಲ ಸರ್. ಆಮೇಲೆ ಸ್ವಲ್ಪ ಹೊತ್ತು ಕಾಯುತ್ತೇನೆ. ಸಾಕು ಬಿಡೋ ಎನ್ನಲು ಅವರಿಲ್ಲ.